ಪಾದ ಒತ್ತಿದರೆ ಮೆದುಳಲ್ಲಿ ಡೋಪಮಿನ್ ಹೆಚ್ಚುತ್ತದೆಯಾ? ಅಪ್ಪನ ಪಾರ್ಕಿನ್ಸನ್ ಮಾತ್ರೆ ಇಳಿಸುವ ಮಾತು ನಡೀತಿದೆ

ದಾವಣಗೆರೆ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 68 ವರ್ಷ, ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಕೆಲವು ವರ್ಷಗಳಿಂದ ಪಾರ್ಕಿನ್ಸನ್ ಇದೆ. ಬಲಗೈ ನಡುಕದಿಂದ ಶುರುವಾಯಿತು. ಈಗ ನಡಿಗೆ ನಿಧಾನ, ದನಿ ಸಣ್ಣಗಾಗಿದೆ, ಬಚ್ಚಲು ಮನೆ ಬಾಗಿಲ ಹತ್ತಿರ ಹೋದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಸಿಂಡೋಪಾ ಮಾತ್ರೆ ದಿನಕ್ಕೆ ನಾಲ್ಕು ಹೊತ್ತು ನಡೀತಿದೆ.

ನಮ್ಮ ಊರಲ್ಲಿ ಒಂದು ಕಡೆ ರಿಫ್ಲೆಕ್ಸ್ ಥೆರಪಿ ಅಂತ ಮಾಡುತ್ತಾರೆ. ಅಂಗಾಲು, ಅಂಗೈ, ಮುಖದ ಕೆಲವು ಜಾಗ ಒತ್ತುತ್ತಾರೆ. ಔಷಧಿ ಏನೂ ಇಲ್ಲ. ಹೆಬ್ಬೆರಳಿನ ತುದಿ ಒತ್ತಿದರೆ ಮೆದುಳಿಗೆ ಸಂದೇಶ ಹೋಗಿ, ಈ ಕಾಯಿಲೆಯಲ್ಲಿ ಕಡಿಮೆಯಾಗುವ ಡೋಪಮಿನ್ ಅನ್ನುವ ರಾಸಾಯನಿಕ ತಾನಾಗಿ ತಯಾರಾಗುತ್ತದೆ, ಒಂದು ಕೋರ್ಸ್ ಮುಗಿದ ಮೇಲೆ ಮಾತ್ರೆ ಅರ್ಧ ಮಾಡಿ, ಆಮೇಲೆ ನಿಲ್ಲಿಸಿ ಅಂತ ಹೇಳಿದ್ದಾರೆ.

ನನಗೆ ಗೊಂದಲ ಆಗಿರುವುದು ಯಾಕೆ ಅಂದರೆ ಅಪ್ಪನಿಗೆ ನಿಜವಾಗಿಯೂ ವ್ಯತ್ಯಾಸ ಕಾಣುತ್ತದೆ. ಅಲ್ಲಿಂದ ಬಂದ ದಿನ ಕೈ ನಡುಕ ಕಡಿಮೆ, ಕೈ ಬೀಸಿಕೊಂಡು ನಡೆಯುತ್ತಾರೆ, ಅಮ್ಮನ ಜೊತೆ ಚೆನ್ನಾಗಿ ಮಾತಾಡುತ್ತಾರೆ. ಮಾರನೇ ದಿನಕ್ಕೆ ಮತ್ತೆ ಮೊದಲಿನ ಹಾಗೇ. ಅಣ್ಣ ಪೂರ್ತಿ ಪ್ಯಾಕೇಜ್ ದುಡ್ಡು ಕಟ್ಟಿ ಈ ತಿಂಗಳೇ ಮಾತ್ರೆ ಇಳಿಸೋಣ ಅಂತಾನೆ. ನನಗೆ ಭಯ. ಒತ್ತುವುದರಿಂದ ಮೆದುಳಿನ ರಾಸಾಯನಿಕ ನಿಜಕ್ಕೂ ಬದಲಾಗುತ್ತದೆಯಾ? ಔಷಧಿ ಇಲ್ಲದೆ ಉಪಯೋಗ ಆಗುವಂಥದ್ದು ಬೇರೆ ಏನಾದರೂ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ಫಿಸಿಯೋ, ಮೈಸೂರು:

ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ನರತಜ್ಞರನ್ನು ಕೇಳದೆ ಮಾತ್ರೆ ಅರ್ಧ ಮಾಡಬೇಡಿ, ಒಂದು ಹೊತ್ತಿನದೂ ಬಿಡಬೇಡಿ. ಸಿಂಡೋಪಾದಲ್ಲಿರುವ ಮುಖ್ಯ ಔಷಧಿ ಲೆವೊಡೋಪಾ, ಅದು ಇದ್ದಕ್ಕಿದ್ದಂತೆ ಕಡಿಮೆಯಾದರೆ ಕೆಲವರಿಗೆ ಮೈ ಮರದ ಹಾಗೆ ಬಿಗಿಯುತ್ತದೆ, ಜ್ವರ ಏರುತ್ತದೆ, ಪ್ರಜ್ಞೆ ಮಸುಕಾಗುತ್ತದೆ, ಸ್ನಾಯು ಕರಗಿ ಕಿಡ್ನಿಗೂ ಪೆಟ್ಟು ಬೀಳಬಹುದು. ಅದು ಐಸಿಯುಗೆ ಹೋಗುವಂಥ ಸ್ಥಿತಿ. ಅಪರೂಪ ನಿಜ, ಆದರೆ ಜೀವಕ್ಕೇ ಅಪಾಯ. ಇದನ್ನು ನಿಮ್ಮ ಅಣ್ಣನಿಗೆ ಇವತ್ತೇ ಹೇಳಿ.

ಇನ್ನು ಬಚ್ಚಲು ಬಾಗಿಲ ಹತ್ತಿರ ಕಾಲು ಅಂಟಿಕೊಳ್ಳುವ ವಿಷಯ. ಇದಕ್ಕೆ ಔಷಧಿ ಇಲ್ಲದೆ ನಿಜವಾಗಿ ಕೆಲಸ ಮಾಡುವ ಉಪಾಯ ಇದೆ, ದುಡ್ಡೂ ಜಾಸ್ತಿ ಬೇಡ. ಬಾಗಿಲಿಗೆ ಸ್ವಲ್ಪ ಮುಂಚಿನಿಂದ ಒಳಗಿನವರೆಗೆ ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ. ನಡೆಯುವ ದಾರಿಗೆ ಅಡ್ಡಡ್ಡ, ಒಂದೊಂದು ಹೆಜ್ಜೆಯ ಅಂತರದಲ್ಲಿ. ರೆಡ್ ಆಕ್ಸೈಡ್ ನೆಲ ಆದರೆ ಬಿಳಿ ಟೇಪ್, ಬಿಳಿ ಟೈಲ್ಸ್ ಆದರೆ ಕಪ್ಪೋ ನೀಲಿಯೋ, ಒಟ್ಟಿನಲ್ಲಿ ಎದ್ದು ಕಾಣಬೇಕು. ಬಚ್ಚಲಿನ ನೆಲಕ್ಕೆ ಒದ್ದೆಯಲ್ಲೂ ಜಾರದ ಟೇಪ್ ಕೇಳಿ ತನ್ನಿ. ಪ್ರತಿ ಗೆರೆಯನ್ನೂ ದಾಟಿ ಹೆಜ್ಜೆ ಇಡಿ ಅಂತ ಅಪ್ಪನಿಗೆ ಹೇಳಿ. ನಿಂತ ಜಾಗದಿಂದ ಕದಲದ ಮನುಷ್ಯ ಗೆರೆ ಕಂಡ ಕೂಡಲೇ ದಾಟಿಕೊಂಡು ಹೋಗುವುದನ್ನು ಮೊದಲ ಸಲ ನೋಡಿದವರಿಗೆ ನಂಬಲಿಕ್ಕೇ ಆಗುವುದಿಲ್ಲ. 1960ರ ದಶಕದಲ್ಲೇ ಲಂಡನ್ನಿನ ನರತಜ್ಞ ಜೇಮ್ಸ್ ಪರ್ಡನ್ ಮಾರ್ಟಿನ್ ಇದನ್ನು ಗಮನಿಸಿ ಬರೆದಿದ್ದರು.

ಯಾಕೆ ಹೀಗೆ ಅಂದರೆ, ನಾವು ಯೋಚನೆ ಮಾಡದೆ ನಡೆಯುತ್ತೇವಲ್ಲ, ಆ ತಾನೇ ತಾನಾಗಿ ನಡೆಯುವ ಕೆಲಸವನ್ನು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ನೋಡಿಕೊಳ್ಳುತ್ತದೆ. ಅದು ಸರಿಯಾಗಿ ಓಡಲು ಡೋಪಮಿನ್ ಬೇಕು. ಪಾರ್ಕಿನ್ಸನ್‌ನಲ್ಲಿ ಕೊರತೆ ಬರುವುದು ಅಲ್ಲೇ. ಕಣ್ಣಿಗೆ ಕಾಣುವ ಗೆರೆಯನ್ನು ನೋಡಿ ಗಮನವಿಟ್ಟು ಹೆಜ್ಜೆ ಹಾಕಿದಾಗ ಮೆದುಳು ಬೇರೆ ದಾರಿ ಬಳಸುತ್ತದೆ. ಇದರಲ್ಲಿ ಡೋಪಮಿನ್ ಹೆಚ್ಚಬೇಕಾಗಿಲ್ಲ, ಕೊರತೆ ಇರುವ ದಾರಿಯನ್ನು ಬಿಟ್ಟು ಸುತ್ತಿಕೊಂಡು ಹೋಗುವುದಷ್ಟೇ.

ಶಬ್ದವೂ ಹೀಗೇ ಕೆಲಸ ಮಾಡುತ್ತದೆ. ಮೊಬೈಲಲ್ಲಿ ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿ, ಅಪ್ಪ ಚೆನ್ನಾಗಿ ನಡೆಯುವ ಹೊತ್ತಿನ ಹೆಜ್ಜೆಯ ವೇಗಕ್ಕೆ ಹೊಂದಿಸಿ, ಆ ತಾಳಕ್ಕೆ ನಡೆಸಿ. ಅಪ್ಪ ಸಂಗೀತ ಕೇಳುವವರಾದರೆ ಗಟ್ಟಿ ತಾಳದ ಹಾಡೂ ಆಗುತ್ತದೆ. ಕಾಲು ನಿಂತಾಗ ಕೈ ಹಿಡಿದು ಎಳೆಯಬೇಡಿ, ಬೀಳುವುದೇ ಆಗ. ನಿಲ್ಲಿ, ಉಸಿರಾಡಿ, ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಹಾಕಿ, ಆಮೇಲೆ ಒಂದು, ಎರಡು ಎಣಿಸಿ ದೊಡ್ಡ ಹೆಜ್ಜೆ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯಬಾರದು, ಅಗಲವಾಗಿ ಸುತ್ತು ಹಾಕಿ ತಿರುಗಬೇಕು.

ತುಂಗಾತೀರ:

ಮೇಲಿನವರು ಹೇಳಿದ್ದನ್ನು ಗೌರವಿಸುತ್ತೇನೆ, ಆದರೆ ರಿಫ್ಲೆಕ್ಸಾಲಜಿಯನ್ನು, ಅಂದರೆ ಈ ಪಾದ ಒತ್ತುವ ಚಿಕಿತ್ಸೆಯನ್ನು, ಪೂರ್ತಿ ತಳ್ಳಿಹಾಕುವುದು ಸರಿ ಅಲ್ಲ ಅನ್ನಿಸುತ್ತದೆ. ನಮ್ಮ ದೊಡ್ಡಮ್ಮನಿಗೂ ಇದೇ ಕಾಯಿಲೆ. ಪಾದ ಒತ್ತಿಸಿಕೊಂಡ ದಿನ ಅವರಿಗೆ ನಿದ್ದೆ ಬರುತ್ತದೆ, ನಡುಕ ಇಳಿಯುತ್ತದೆ, ಮನಸ್ಸು ಹಗುರಾಗಿರುತ್ತದೆ. ನಾವು ಕಣ್ಣಾರೆ ನೋಡಿದ್ದೇವೆ. ಎಲ್ಲಾ ಸುಮ್ನೆ ಭ್ರಮೆ ಅಂದುಬಿಟ್ಟರೆ ಮನೆಯವರಿಗೆ ನೋವಾಗುತ್ತದೆ. ಡಾಕ್ಟರ್ ಹತ್ತಿರ ಹೋದರೆ ಮಾತಾಡಲಿಕ್ಕೂ ಸಮಯ ಸಿಗುವುದಿಲ್ಲ, ಮಾತ್ರೆ ಬರೆದು ಕಳಿಸುತ್ತಾರೆ. ಇಲ್ಲಿ ಒಬ್ಬರು ಕೂತು ಕಾಲು ಮುಟ್ಟಿ ಗಮನ ಕೊಡುತ್ತಾರೆ. ಅದಕ್ಕೂ ಬೆಲೆ ಇದೆ ಅಲ್ವಾ?

ಫಾರ್ಮಕಾಲಜಿ ಮೇಷ್ಟ್ರು:

ತುಂಗಾತೀರ ಅವರು ಕಂಡದ್ದು ಭ್ರಮೆ ಅಲ್ಲ. ದಾವಣಗೆರೆ ತಂಗಿ ಕಂಡದ್ದೂ ಅಲ್ಲ. ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

2001ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಅಧ್ಯಯನ ನಡೆಯಿತು. ಪಾರ್ಕಿನ್ಸನ್ ಇರುವವರಿಗೆ ಔಷಧಿ ಬರಬಹುದು ಅಂತ ಹೇಳಿ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು, ಮೆದುಳಿನ ರಾಸಾಯನಿಕದ ಚಟುವಟಿಕೆ ತೋರಿಸುವ ಪೆಟ್ ಸ್ಕ್ಯಾನ್ ಮಾಡಿದರು. ಈ ಸ್ಕ್ಯಾನ್‌ನಲ್ಲಿ ಕಾಣಲೆಂದು ಮೈಗೆ ಕೊಡುವ ರಾಕ್ಲೊಪ್ರೈಡ್ ಅಂತ ಒಂದು ವಸ್ತು ಇದೆ, ಡೋಪಮಿನ್ ಕೂರುವ ಜಾಗದಲ್ಲೇ ಅದೂ ಕೂರುತ್ತದೆ. ಡೋಪಮಿನ್ ಹೆಚ್ಚಾದರೆ ಅದಕ್ಕೆ ಜಾಗ ಸಿಗುವುದಿಲ್ಲ, ಸ್ಕ್ಯಾನ್‌ನಲ್ಲಿ ಅದು ಕಡಿಮೆ ಕಾಣುತ್ತದೆ. ಉಪ್ಪುನೀರು ಹಾಕಿಸಿಕೊಂಡವರ ಮೆದುಳಲ್ಲಿ ಹಾಗೇ ಕಂಡಿತು. ಅಂದರೆ ಗುಣವಾಗುತ್ತದೆ ಅನ್ನುವ ನಿರೀಕ್ಷೆಯೊಂದರಿಂದಲೇ ಅವರ ಮೆದುಳು ತನ್ನದೇ ಡೋಪಮಿನ್ ಬಿಡುಗಡೆ ಮಾಡಿತ್ತು. 2010ರಲ್ಲಿ ಅದೇ ಊರಿನ ಇನ್ನೊಂದು ಅಧ್ಯಯನದಲ್ಲಿ, ನಿಜವಾದ ಔಷಧಿ ಸಿಗುವ ಸಾಧ್ಯತೆ 75 ಶೇಕಡಾ ಅಂತ ಹೇಳಿಸಿಕೊಂಡ ಗುಂಪಿನಲ್ಲಿ ಈ ಬಿಡುಗಡೆ ಎದ್ದು ಕಂಡಿತು. ಎಷ್ಟು ಆಸೆ ಇಟ್ಟುಕೊಂಡಿದ್ದಾರೆ ಅನ್ನುವುದಕ್ಕೂ ರಾಸಾಯನಿಕಕ್ಕೂ ಸಂಬಂಧ ಇದೆ.

ಹಾಗಾಗಿ ತಂಗಿ, ನಿಮ್ಮ ಪ್ರಶ್ನೆಗೆ ಉತ್ತರ ಹೌದು. ಆ ಹೊತ್ತಿಗೆ ಅಪ್ಪನ ಮೆದುಳಲ್ಲಿ ಡೋಪಮಿನ್ ನಿಜಕ್ಕೂ ಸ್ವಲ್ಪ ಹೆಚ್ಚಾಗಿರಬಹುದು. ಆದರೆ ಹೆಬ್ಬೆರಳಿನ ತುದಿಗೆ ಅದರ ಕೀರ್ತಿ ಸಲ್ಲುವುದಿಲ್ಲ. ಅಪ್ಪನ ಭರವಸೆಗೆ, ಜೊತೆಯಲ್ಲಿ ಕೂತವರ ಅಕ್ಕರೆಗೆ ಸಲ್ಲುತ್ತದೆ. ಜೊತೆಗೆ ಇನ್ನೊಂದು ಕಾರಣವೂ ಇದೆ. ಆತಂಕ ಆದಾಗ ಪಾರ್ಕಿನ್ಸನ್ ನಡುಕ ಜೋರಾಗುತ್ತದೆ. ಮೈ ಒತ್ತಿಸಿಕೊಂಡು ಆರಾಮಾಗಿ ಮಲಗಿದ ಮೇಲೆ ಆತಂಕ ಇಳಿಯುತ್ತದೆ, ನಡುಕವೂ ಇಳಿಯುತ್ತದೆ. ಒಳ್ಳೆಯದೇ.

ತೊಂದರೆ ಇರುವುದು ಎರಡನೇ ಮಾತಲ್ಲಿ, ಮೆದುಳು ಡೋಪಮಿನ್ ತಯಾರಿಸಲು ಕಲಿತುಬಿಡುತ್ತದೆ, ಮಾತ್ರೆ ಬೇಡ ಅನ್ನುವುದರಲ್ಲಿ. ಡೋಪಮಿನ್ ತಯಾರಿಸುವ ನರಕೋಶಗಳು ಮೆದುಳಿನ ಕಾಂಡದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನುವ ಸಣ್ಣ ಜಾಗದಲ್ಲಿವೆ. ನಡುಕ ಶುರುವಾಗುವ ಹೊತ್ತಿಗೇ ಅವುಗಳಲ್ಲಿ ದೊಡ್ಡ ಪಾಲು ಹೋಗಿರುತ್ತದೆ. ನಿರೀಕ್ಷೆಯಿಂದ ಬರುವ ಡೋಪಮಿನ್ ಉಳಿದ ಕೋಶಗಳಿಂದಲೇ ಬರಬೇಕು. ಕೆರೆಯಲ್ಲಿ ಉಳಿದ ನೀರಿಗೇ ತೂಬು ತೆರೆದ ಹಾಗೆ, ಹೊಸ ನೀರು ಬಂದಿರುವುದಿಲ್ಲ. ಮಾರನೇ ದಿನಕ್ಕೆ ಅಪ್ಪ ಮೊದಲಿನ ಹಾಗೇ ಆಗುವುದು ಇದಕ್ಕೇ. ಕೋಶಗಳನ್ನು ಮತ್ತೆ ಬೆಳೆಸುವ ಔಷಧಿಯೂ ಇಲ್ಲ, ಒತ್ತುವ ಬಿಂದುವೂ ಇಲ್ಲ.

ಡೋಪಮಿನ್ ಕೊರತೆ ಅನ್ನುವ ವಿಷಯ ಗೊತ್ತಾದ ಕಥೆಯಲ್ಲಿ ನಮ್ಮ ಸರ್ಪಗಂಧವೂ ಇದೆ. ಆ ಬೇರಿನಿಂದ ತೆಗೆದ ರಿಸರ್ಪಿನ್ ಕೊಟ್ಟಾಗ ಪ್ರಾಣಿಗಳು ಅಲ್ಲಾಡದೆ ಕೂತುಬಿಡುತ್ತಿದ್ದವು. ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ 1957ರಲ್ಲಿ ಅವಕ್ಕೆ ಡೋಪಾ ಕೊಟ್ಟು ಮತ್ತೆ ಓಡಾಡುವಂತೆ ಮಾಡಿದರು. 1960ರಲ್ಲಿ ವಿಯೆನ್ನಾದಲ್ಲಿ ಓಲೆ ಹೊರ್ನಿಕಿವಿಚ್ ಮತ್ತು ಅವರ ಜೊತೆಗಾರರು, ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮೆದುಳಲ್ಲಿ ಡೋಪಮಿನ್ ತೀರಾ ಕಡಿಮೆ ಇದೆ ಅಂತ ಅಳೆದು ತೋರಿಸಿದರು. ಕಾರ್ಲ್ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಡೋಪಮಿನ್ ಅನ್ನೇ ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಲೆವೊಡೋಪಾ ದಾಟುತ್ತದೆ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ಅಪ್ಪನ ಮಾತ್ರೆಯಲ್ಲಿರುವ ಇನ್ನೊಂದು ಅಂಶ ಕಾರ್ಬಿಡೋಪಾ, ಅದು ಲೆವೊಡೋಪಾ ಮೆದುಳು ಮುಟ್ಟುವ ಮೊದಲು ದಾರಿಯಲ್ಲೇ ಖರ್ಚಾಗದಂತೆ ತಡೆಯುತ್ತದೆ. ಇಷ್ಟು ಕಷ್ಟಪಟ್ಟು ಸಿಕ್ಕಿದ ಮಾತ್ರೆ ಅದು.

ಈಗ ರಿಫ್ಲೆಕ್ಸ್ ವಿಷಯ, ಅಂದರೆ ನಾವು ಬಯಸದೆ ಮೈ ತಾನಾಗಿ ತೋರುವ ಪ್ರತಿಕ್ರಿಯೆ. ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿದರೆ ಕಾಲು ಎಗರುತ್ತದಲ್ಲ, ಆ ಸಂದೇಶ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ವಾಪಸ್ ಬರುತ್ತದೆ. ಪಾರ್ಕಿನ್ಸನ್‌ನಲ್ಲಿ ಅದು ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಡೋಪಮಿನ್ ಕೊರತೆಯ ಸುಳಿವು ಕೊಡುವ ಒಂದು ರಿಫ್ಲೆಕ್ಸ್ ಬೇರೆ ಇದೆ. ಹುಬ್ಬುಗಳ ನಡುವೆ ಬೆರಳಲ್ಲಿ ಮತ್ತೆ ಮತ್ತೆ ತಟ್ಟಿದರೆ ನಾವು ನಾಲ್ಕಾರು ಸಲ ಕಣ್ಣು ಮಿಟುಕಿಸಿ ನಿಲ್ಲಿಸುತ್ತೇವೆ, ಪಾರ್ಕಿನ್ಸನ್ ಇರುವವರು ಎಷ್ಟೋ ಸಲ ನಿಲ್ಲಿಸದೆ ಮಿಟುಕಿಸುತ್ತಲೇ ಇರುತ್ತಾರೆ. ಅದು ಪರೀಕ್ಷೆಗೆ ಉಪಯೋಗ, ಚಿಕಿತ್ಸೆಗೆ ಅಲ್ಲ. ಪಾದದ ಮೇಲೆ ಇಡೀ ದೇಹದ ನಕ್ಷೆ ಇದೆ ಅನ್ನುವ ಮಾತು ಅಮೆರಿಕದ ವಿಲಿಯಂ ಫಿಟ್ಜೆರಾಲ್ಡ್ ಅನ್ನುವ ಕಿವಿ ಮೂಗು ಗಂಟಲು ವೈದ್ಯರ ವಲಯ ಚಿಕಿತ್ಸೆಯಿಂದ (ದೇಹವನ್ನು ವಲಯಗಳಾಗಿ ಭಾಗ ಮಾಡಿ ಒತ್ತುವ ಪದ್ಧತಿ) ಬೆಳೆದದ್ದು, 1930ರ ದಶಕದಲ್ಲಿ ಯೂನಿಸ್ ಇಂಗಮ್ ಅದನ್ನು ಪಾದಕ್ಕೆ ತಂದರು. ಹೆಬ್ಬೆರಳಿಂದ ಸಬ್‌ಸ್ಟಾನ್ಷಿಯಾ ನೈಗ್ರಾಕ್ಕೆ ಅಂತ ಪ್ರತ್ಯೇಕ ನರ ಯಾವುದೂ ಇಲ್ಲ.

ದಾವಣಗೆರೆ ಮಗಳು:

ತುಂಬಾ ಧನ್ಯವಾದ ಸರ್. ಕೆರೆಯ ಮಾತನ್ನು ಅಣ್ಣನಿಗೆ ಓದಿ ಹೇಳಿದೆ, ಮಾತ್ರೆ ಇಳಿಸುವುದು ಸದ್ಯಕ್ಕೆ ಬೇಡ ಅಂತ ಒಪ್ಪಿದ. ಆದರೆ ಅವನು ಎರಡು ಪ್ರಶ್ನೆ ಕೇಳಿದ್ದಾನೆ. ಡೋಪಮಿನ್ ಸ್ವಲ್ಪ ಹೊತ್ತಾದರೂ ಹೆಚ್ಚುತ್ತದೆ ಅಂದರೆ ಮಾತ್ರೆ ಜೊತೆಗೆ ಒತ್ತಿಸಿಕೊಂಡರೆ ತಪ್ಪೇನು? ಇನ್ನೊಂದು, ಅಲ್ಲೇ ಒಂದು ಪುಡಿ ಕೊಡುತ್ತಾರಂತೆ, ನಸಗುನ್ನಿ ಬೀಜದ್ದು, ಅದು ಔಷಧಿ ಅಲ್ಲ ಆಹಾರ ಅಂತ ಹೇಳಿದ್ದಾರೆ. ಅದನ್ನು ಕೊಡಬಹುದಾ?

ಫಾರ್ಮಕಾಲಜಿ ಮೇಷ್ಟ್ರು:

ಒತ್ತಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಅಪ್ಪನಿಗೆ ಹಿತ ಅನ್ನಿಸಿದರೆ ಮನೆಯಲ್ಲೇ ಎಣ್ಣೆ ಹಚ್ಚಿ ಒತ್ತಿ, ಮುಗಿದ ಮೇಲೆ ಅಂಗಾಲಿನ ಎಣ್ಣೆ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಜಾರಿ ಬೀಳುತ್ತಾರೆ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಜೋರಾಗಿ ಒತ್ತಬಾರದು.

ನಸಗುನ್ನಿ ಬೇರೆ ವಿಷಯ, ದಯವಿಟ್ಟು ಗಮನವಿಟ್ಟು ಓದಿ. ಆ ಬೀಜದಲ್ಲಿ ಇರುವುದೇ ಲೆವೊಡೋಪಾ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅನ್ನುವ ಭಾರತೀಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಬರೆದಿದ್ದರು. ಆಯುರ್ವೇದದಲ್ಲಿ ಕಂಪವಾತಕ್ಕೆ ಈ ಬೀಜ ಕೊಡುತ್ತಾರೆ, ಅದು ಕೆಲಸ ಮಾಡುವುದು ಸುಳ್ಳಲ್ಲ. 2004ರಲ್ಲಿ ಲಂಡನ್ನಿನಲ್ಲಿ 8 ರೋಗಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಬೀಜದ ಪುಡಿಯ ದೊಡ್ಡ ಡೋಸ್ ಮಾತ್ರೆಗಿಂತ ಬೇಗ ಹಿಡಿಯಿತು, ಜಾಸ್ತಿ ಹೊತ್ತೂ ಇತ್ತು. ಕೆಲಸ ಮಾಡುತ್ತದೆ ಅನ್ನುವುದಕ್ಕೇ ನಾನು ಹೆದರುವುದು. ಮಾತ್ರೆ ಜೊತೆ ಲೆಕ್ಕವಿಲ್ಲದ ಪುಡಿ ಸೇರಿದರೆ ಡೋಸ್ ಎಷ್ಟಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಕೈಕಾಲು ತಾನಾಗಿ ಹೊರಳಾಡುವುದು, ಎದ್ದು ನಿಂತರೆ ಬಿಪಿ ಇಳಿದು ತಲೆ ಸುತ್ತುವುದು, ಇಲ್ಲದ್ದು ಕಾಣಿಸುವುದು, ಇವೆಲ್ಲಾ ಆಗಬಹುದು.

ಇನ್ನೂ ಒಂದು ಅನುಮಾನ ನನಗೆ. ಅಲ್ಲಿ ಹೋದ ದಿನ ಅಪ್ಪನಿಗೆ ಕುಡಿಯಲು ಏನಾದರೂ ಕೊಟ್ಟಿದ್ದಾರಾ ಕೇಳಿ. ಕೊಟ್ಟಿದ್ದರೆ ಆ ದಿನದ ಸುಧಾರಣೆಯ ಲೆಕ್ಕವೇ ಬದಲಾಗುತ್ತದೆ.

ಮ್ಯೂನಿಕ್ ಕನ್ನಡಿಗ:

ನಾನು ಇಲ್ಲಿ ಜರ್ಮನಿಯಲ್ಲಿ ಮಕ್ಕಳ ಫಿಸಿಯೋಥೆರಪಿಸ್ಟ್. ರಿಫ್ಲೆಕ್ಸ್ ಅಂತ ಹೆಸರಿರುವುದೆಲ್ಲಾ ಒಂದೇ ಅಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಚಲನೆಯ ತೊಂದರೆ, ಇರುವ ಮಕ್ಕಳಿಗೆ ವೊಯ್ಟಾ ಥೆರಪಿ ಅಂತ ಮಾಡುತ್ತಾರೆ, ಸರ್ಕಾರಿ ವಿಮೆಯೂ ಅದಕ್ಕೆ ದುಡ್ಡು ಕೊಡುತ್ತದೆ. ವಾಸ್ಲಾವ್ ವೊಯ್ಟಾ ಅನ್ನುವ ಚೆಕ್ ನರತಜ್ಞರು ಕಂಡುಹಿಡಿದದ್ದು. ಅವರು 1968ರಲ್ಲಿ ದೇಶ ಬಿಟ್ಟು ಜರ್ಮನಿಗೆ ಬಂದರು, ಆಮೇಲೆ ಮ್ಯೂನಿಕ್‌ನ ಮಕ್ಕಳ ಕೇಂದ್ರದಲ್ಲಿ ಕೆಲಸ ಮಾಡಿದರು. ಮಗುವನ್ನು ಬೋರಲು ಅಥವಾ ಅಂಗಾತ ಮಲಗಿಸಿ, ತಲೆಯನ್ನು ಒಂದು ಭಂಗಿಯಲ್ಲಿ ಹಿಡಿದು, ಎದೆ, ಹಿಮ್ಮಡಿ, ಮೊಣಕೈ ಹೀಗೆ ಕೆಲವು ಜಾಗ ಒತ್ತಿದರೆ ತೆವಳುವ, ಹೊರಳುವ ಚಲನೆ ತಾನಾಗಿ ಬರುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಆದರೆ ಇದರಿಂದ ಮಗು ಮುಂದೆ ಎಷ್ಟು ಚೆನ್ನಾಗಿ ನಡೆಯುತ್ತದೆ ಅನ್ನುವುದಕ್ಕೆ ಸಾಕ್ಷಿ ಇನ್ನೂ ದುರ್ಬಲ. ಮಕ್ಕಳು ಒತ್ತುವಾಗ ತುಂಬಾ ಅಳುತ್ತವೆ, ತಾಯಂದಿರಿಗೆ ನೋಡಲಾಗುವುದಿಲ್ಲ. ಈಗ ಹೆಚ್ಚಿನ ಕಡೆ ಮಗು ತಾನೇ ಆಸೆಪಟ್ಟು ಮಾಡುವ ಕೆಲಸವನ್ನೇ ಅಭ್ಯಾಸ ಮಾಡಿಸುವುದಕ್ಕೆ ಒತ್ತು ಜಾಸ್ತಿ.

ನಿಜವಾದ ರಿಫ್ಲೆಕ್ಸ್ ತರಬೇತಿ ಅಂತ ನಾನು ಮೆಚ್ಚಿದ್ದು ಅಮೆರಿಕದ ಆಲ್ಬನಿಯಲ್ಲಿ ಜೊನಾಥನ್ ವೊಲ್ಪಾ ಶುರುಮಾಡಿದ ಕೆಲಸ. ಬೆನ್ನುಹುರಿಗೆ ಅರೆಬರೆ ಪೆಟ್ಟಾಗಿ ಕಾಲು ಸೆಟೆದುಕೊಳ್ಳುವವರಿಗೆ, ಮೀನಖಂಡದ ರಿಫ್ಲೆಕ್ಸ್ ಎಷ್ಟು ದೊಡ್ಡದಾಗಿ ಬಂತು ಅಂತ ಪರದೆಯಲ್ಲಿ ತೋರಿಸುತ್ತಾ ಅದನ್ನು ಚಿಕ್ಕದು ಮಾಡಲು ಕಲಿಸುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದೆ. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ರಿಫ್ಲೆಕ್ಸ್ ಇಳಿಸಲು ಕಲಿತವರ ನಡಿಗೆ ಸುಧಾರಿಸಿತ್ತು. ಅಲ್ಲಿ ಎಲ್ಲವನ್ನೂ ಅಳೆಯುತ್ತಾರೆ, ರೋಗಿಯೇ ದುಡಿಯುತ್ತಾನೆ, ಮಾತ್ರೆ ಬಿಡಿ ಅಂತ ಯಾರೂ ಹೇಳುವುದಿಲ್ಲ. ನಿಮ್ಮ ಊರಿನವರು ಏನನ್ನು ಅಳೆದು ತೋರಿಸುತ್ತಾರೆ ಅಂತ ಕೇಳಿ ನೋಡಿ.

ದಾವಣಗೆರೆ ಮಗಳು:

ಕೇಳಿದೆವು ಸರ್. ಒತ್ತುವ ಮೊದಲು ಒಂದು ಕಷಾಯ ಕುಡಿಸಿದ್ದರಂತೆ. ಅಪ್ಪನೇ ಹೇಳಿದರು, ಕೇಳುವವರೆಗೂ ನಮಗೆ ಗೊತ್ತಿರಲಿಲ್ಲ. ಅದರಲ್ಲಿ ಏನಿತ್ತು ಅಂತ ಅವರು ಹೇಳುತ್ತಿಲ್ಲ. ಅಣ್ಣ ಪ್ಯಾಕೇಜ್ ಬೇಡ ಅಂದುಬಿಟ್ಟ. ಮುಂದಿನ ವಾರ ನರತಜ್ಞರ ಹತ್ತಿರ ಹೋಗುತ್ತಿದ್ದೇವೆ. ಬಚ್ಚಲು ಬಾಗಿಲಿಗೆ ಬಿಳಿ ಟೇಪ್ ಹಾಕಿದೆವು, ಅಪ್ಪ ಗೆರೆ ನೋಡಿಕೊಂಡು ದಾಟುತ್ತಿದ್ದಾರೆ, ಅಮ್ಮ ಪಕ್ಕದಲ್ಲಿ ನಿಂತು ಒಂದು ಎರಡು ಎಣಿಸುತ್ತಾರೆ. ವ್ಯಾಯಾಮ ಯಾವುದು ಮಾಡಿಸಬೇಕು ಅಂತ ಹೇಳುತ್ತೀರಾ? ಸಂಜೆ ಹೊತ್ತು ಮಾತ್ರೆ ಹಿಡಿಯುವುದೇ ಇಲ್ಲ ಅಂತಾರೆ, ಅದಕ್ಕೆ ಏನು ಮಾಡುವುದು?

ಫಿಸಿಯೋ, ಮೈಸೂರು:

ಕಷಾಯದ ವಿಷಯವನ್ನು ನರತಜ್ಞರಿಗೆ ತಪ್ಪದೆ ಹೇಳಿ.

ವ್ಯಾಯಾಮದಲ್ಲಿ ಗಟ್ಟಿ ಸಾಕ್ಷಿ ಇದೆ. ನೆದರ್ಲ್ಯಾಂಡ್ಸ್‌ನಲ್ಲಿ 130 ರೋಗಿಗಳ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಲ್ಲೇ ವ್ಯಾಯಾಮದ ಸೈಕಲ್ ಅನ್ನು ವಾರಕ್ಕೆ ಮೂರು ಸಲ, ಉಸಿರು ಜೋರಾಗುವಷ್ಟು ತುಳಿದವರ ಚಲನೆಯ ತೊಂದರೆ 6 ತಿಂಗಳಲ್ಲಿ ಬರೀ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಷ್ಟು ಹೆಚ್ಚಲಿಲ್ಲ. ಬೀಳುವುದು ಕಡಿಮೆಯಾಗಲು ತೈ ಚಿ ಅನ್ನುವ ಚೀನಾದ ನಿಧಾನಗತಿಯ ವ್ಯಾಯಾಮ ಒಳ್ಳೆಯದು, ಅಮೆರಿಕದ ಆರೆಗನ್‌ನಲ್ಲಿ 195 ಜನರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಅದು ಕಂಡಿದೆ. ದಾವಣಗೆರೆಯಲ್ಲಿ ತೈ ಚಿ ಕಲಿಸುವವರು ಸಿಗದಿದ್ದರೆ ಚಿಂತೆ ಬೇಡ, ಭಾರ ಬದಲಿಸುವ, ನಿಧಾನ ತಿರುಗುವ ವ್ಯಾಯಾಮವನ್ನು ಫಿಸಿಯೋ ಹೇಳಿಕೊಡುತ್ತಾರೆ. ಹೃದಯದ ತೊಂದರೆ ಇದೆಯಾ ನೋಡಿಸಿಕೊಂಡು ಶುರುಮಾಡಿ. ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತಲ್ಲೇ ಮಾಡಿಸಿ. ದನಿಗೆ, ದಿನಾ ಪೇಪರನ್ನು ಕ್ಲಾಸಲ್ಲಿ ಹಿಂದಿನ ಬೆಂಚಿಗೆ ಕೇಳುವ ಹಾಗೆ ಜೋರಾಗಿ ಓದಲಿ, ಮೇಷ್ಟ್ರಲ್ವಾ, ಅವರಿಗೆ ಅದು ಕೂಡಲೇ ಬರುತ್ತದೆ.

ಸಂಜೆಯ ಮಾತ್ರೆಗೆ, ಅದನ್ನು ಯಾವಾಗ ಕೊಡುತ್ತೀರಿ ನೋಡಿ. ಹಾಲು, ಬೇಳೆ, ಮೊಟ್ಟೆಯ ಪ್ರೋಟೀನ್ ಮತ್ತು ಲೆವೊಡೋಪಾ ಕರುಳಲ್ಲೂ ಮೆದುಳಿನ ಬಾಗಿಲಲ್ಲೂ ಒಂದೇ ದಾರಿಗೆ ಪೈಪೋಟಿ ಮಾಡುತ್ತವೆ. ಊಟಕ್ಕೆ ಅರ್ಧ ಗಂಟೆಯಾದರೂ ಮೊದಲು ಕೊಡಿ, ಸಂಜೆ ಹಾಲಿನ ಜೊತೆ ಕೊಡುತ್ತಿದ್ದರೆ ನೀರಿನ ಜೊತೆ ಕೊಡಿ. ಮಲಬದ್ಧತೆ ಇದ್ದರೂ ಮಾತ್ರೆ ತಡವಾಗಿ ಹಿಡಿಯುತ್ತದೆ, ಪಾರ್ಕಿನ್ಸನ್‌ನಲ್ಲಿ ಅದು ತುಂಬಾ ಜನರಿಗೆ ಇರುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ. ಈಗಿಂದ ಹೋಗುವ ದಿನದವರೆಗೆ ಒಂದು ಹಾಳೆಯಲ್ಲಿ ಮಾತ್ರೆ ಕೊಟ್ಟ ಸಮಯ, ಊಟದ ಸಮಯ, ಚೆನ್ನಾಗಿದ್ದ ಹೊತ್ತು, ಕಾಲು ನಿಂತ ಹೊತ್ತು ಬರೆದಿಡಿ. ಕಾಲು ಅಂಟಿಕೊಳ್ಳುವುದನ್ನು ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳಿ. ಡಾಕ್ಟರ ರೂಮಲ್ಲಿ ಎಷ್ಟೋ ಜನ ಸರಾಗ ನಡೆದುಬಿಡುತ್ತಾರೆ, ತೊಂದರೆ ಅವರ ಕಣ್ಣಿಗೆ ಬೀಳುವುದೇ ಇಲ್ಲ.